ಹೊಟ್ಟೆಗೆ ಅನ್ನ, ಕಿವಿಗೆ ಮಾತು

(ಠಾಣೆಯ ನೌಪಾಡಾದಲ್ಲಿ ಕನ್ನಡ ಕಾರ್ಮಿಕ ಸಂಸಾರಗಳ ಕೂಟದಲ್ಲಿ ಮಾಡಿದ ಭಾಷಣ)



ಸಂಘದ ಸಭೆಯೆಂದರೆ ಪಗಾರ, ಪಾಳಿ, ರಜೆ, ಫಂಡು, ಇವೇ ನಮ್ಮ ಮಾತು. ಇಂದು ಇವೆಲ್ಲಕ್ಕೂ ಮೂಲವಾದ ಇನ್ನೊಂದು ಮಾತನ್ನು ಎತ್ತಿಕೊಂಡಿದ್ದೇವೆ. ಊರು ಬಿಟ್ಟು ಬಂದು ನಾವು ಮೇಜು ಒರೆಸಿದ್ದು, ಮಗ್ಗದ ಮುಂದೆ ನಿಂತದ್ದು ಯಾರಿಗಾಗಿ? ಮಕ್ಕಳಿಗಾಗಿ. ಆ ಮಗು ಶಾಲೆಯಲ್ಲಿ ಹಿಂದೆ ಬಿದ್ದರೆ ಮಾತ್ರ, "ಅವನ ಹಣೆಯಲ್ಲಿ ವಿದ್ಯೆ ಬರೆದಿಲ್ಲ" ಎಂದು ನಾವೇ ತೀರ್ಪು ಕೊಟ್ಟುಬಿಡುತ್ತೇವೆ. ಆ ತೀರ್ಪು ಸರಿಯಲ್ಲವೆಂದು ಹೇಳುವುದೇ ಇಂದಿನ ನಮ್ಮ ಉದ್ದೇಶ.

ಎರಡು ವರ್ಷ ತುಂಬುವಷ್ಟರಲ್ಲಿ ಮಗುವಿನ ಮೆದುಳು ದೊಡ್ಡವರ ಮೆದುಳಿನ ಸುಮಾರು ಮುಕ್ಕಾಲು ಪಾಲು ತೂಕಕ್ಕೆ ಬೆಳೆದಿರುತ್ತದೆ. ಸುಮ್ಮನೆ ಮಲಗಿರುವ ಎಳೆಗೂಸಿನ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮೆದುಳಿಗೇ ಹೋಗುತ್ತದೆ. ಒಲೆ ದೊಡ್ಡದು, ಸೌದೆ ಸಾಲದಿದ್ದರೆ ಅಡಿಗೆ ಅರೆಬೆಂದೇ ಇಳಿಯುತ್ತದೆ.

ಆ ಸೌದೆಯಲ್ಲಿ ಕಬ್ಬಿಣಾಂಶ ಬಹು ಮುಖ್ಯವಾದುದು. ತಾಯಿಯ ಗರ್ಭದಿಂದ ಮಗು ತರುವ ಕಬ್ಬಿಣಾಂಶ ಸುಮಾರು ಆರು ತಿಂಗಳು ಸಾಲುತ್ತದೆ. ಅಲ್ಲಿಯವರೆಗೆ ಎದೆಹಾಲೊಂದೇ ಸಾಕು; ಅನಂತರ ಎದೆಹಾಲಿನ ಜೊತೆಗೆ ಬೇರೆ ಆಹಾರವೂ ಬೇಕು. ಸಿಗದಿದ್ದರೆ ರಕ್ತಹೀನತೆ ಬರುತ್ತದೆ. ಅಂಥ ಮಗು ಬೇಗ ದಣಿಯುತ್ತದೆ, ಆಟದಲ್ಲಿ ಮನಸ್ಸಿಡದು, ಕಲಿಯುವುದರಲ್ಲಿ ಹಿಂದೆ ಬೀಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 67 ಮಕ್ಕಳಿಗೆ ರಕ್ತಹೀನತೆ. ಇದೂ ಹಣೆಬರಹವೇ?

ತಪ್ಪು ನಮ್ಮಲ್ಲಿಯೂ ಉಂಟು. ಮಗು ಅತ್ತರೆ ಬಟ್ಟಲಲ್ಲಿ ಚಹ, ಚಹದಲ್ಲಿ ಅದ್ದಿದ ಪಾವ್ ಕೊಡುತ್ತೇವೆ. ಆಹಾರದ ಕಬ್ಬಿಣಾಂಶವನ್ನು ಚಹ ಮೈಗೆ ಹತ್ತಗೊಡದು. ಊರಿನಲ್ಲಿ ರಾಗಿ ಮಣ್ಣಿ, ರಾಗಿ ಅಂಬಲಿ ಕುಡಿದು ಬೆಳೆದವರು ನಮ್ಮಲ್ಲಿ ಎಷ್ಟು ಮಂದಿ! ಅದೇ ರಾಗಿ ಇಲ್ಲಿ 'ನಾಚಣಿ' ಎಂಬ ಹೆಸರಿನಿಂದ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ಬೇಳೆ, ಸೊಪ್ಪು, ತಿನ್ನುವವರಿಗೆ ಮೊಟ್ಟೆ ಮೀನು, ಮೇಲೆ ಎರಡು ಹನಿ ಲಿಂಬೆರಸ: ಇದು ಬಡವನ ಕೈಗೂ ಎಟಕುವ ಊಟ.

ಹಾಗಾದರೆ ಹೊಟ್ಟೆ ತುಂಬಿದರೆ ಸಾಕೇ? ಸಾಲದು. ಇದಕ್ಕೆ ದೂರದ ಜಮೈಕಾ ದ್ವೀಪದ ಒಂದು ಪ್ರಮಾಣ ಉಂಟು. ಅಲ್ಲಿಯ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ಬೆಳವಣಿಗೆ ಕುಂಠಿತವಾದ 129 ಎಳೆಮಕ್ಕಳನ್ನು ಡಾಕ್ಟರ್ ಸ್ಯಾಲಿ ಗ್ರಂಥಮ್-ಮೆಗ್ರೆಗರ್ ಮತ್ತು ಸಂಗಡಿಗರು ನಾಲ್ಕು ಗುಂಪು ಮಾಡಿದರು. ಒಂದು ಗುಂಪಿಗೆ ವಾರವಾರವೂ ಹಾಲಿನ ಪುಡಿ ಕೊಟ್ಟರು. ಇನ್ನೊಂದು ಗುಂಪಿನ ಮನೆಗೆ ವಾರಕ್ಕೊಮ್ಮೆ ಆರೋಗ್ಯ ಸೇವಕಿ ಹೋಗಿ, ಮಗುವಿನೊಡನೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಎಂದು ತಾಯಿಗೆ ತೋರಿಸಿದಳು. ಆಟಿಕೆಗಳು ಮನೆಯಲ್ಲಿಯೇ ಮಾಡಿದವು. ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಎರಡೂ ಇಲ್ಲ. ಎರಡು ವರ್ಷಗಳ ಫಲ 1991ರಲ್ಲಿ ಪ್ರಕಟವಾಯಿತು. ಹಾಲಿನಿಂದಲೂ ಬುದ್ಧಿ ಚುರುಕಾಯಿತು, ಆಟ-ಮಾತಿನಿಂದಲೂ ಚುರುಕಾಯಿತು. ಎರಡೂ ದೊರೆತ ಮಕ್ಕಳು ಸರಿಯಾಗಿ ಬೆಳೆದ ಮಕ್ಕಳ ಮಟ್ಟವನ್ನು ಬಹುಮಟ್ಟಿಗೆ ಮುಟ್ಟಿದರು. ಇಪ್ಪತ್ತು ವರ್ಷ ಕಳೆದ ಮೇಲೆ ನೋಡಿದರೆ, ಆಟ-ಮಾತು ದೊರೆತವರ ಗಳಿಕೆ ಉಳಿದವರಿಗಿಂತ ನೂರಕ್ಕೆ ಸುಮಾರು 25ರಷ್ಟು ಹೆಚ್ಚಾಗಿತ್ತು. ಹಾಲು ಮಾತ್ರ ಕುಡಿದವರ ಲಾಭ ಅಷ್ಟು ಕಾಲ ನಿಲ್ಲಲಿಲ್ಲ.

ದೂರದ ಮಾತೇಕೆ, ನಮ್ಮ ಠಾಣೆ ಜಿಲ್ಲೆಯಲ್ಲಿಯೇ ಈ ತಿಳಿವಳಿಕೆ ಹಿಂದೆ ಬೇರೂರಿತ್ತು. ಈಗ ಪಾಲಘರ್ ಜಿಲ್ಲೆಗೆ ಸೇರಿರುವ ಬೋರ್ಡಿಯಲ್ಲಿ 1945ರಲ್ಲಿಯೂ, ಅನಂತರ ಕೋಸಬಾಡದಲ್ಲಿಯೂ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಅವರು ಬಡ ಆದಿವಾಸಿಗಳ ಅಂಗಳಕ್ಕೇ ಮಕ್ಕಳ ಶಾಲೆಯನ್ನು ಒಯ್ದರು. 1975ರ ಅಕ್ಟೋಬರ್ 2ರಂದು ಸರ್ಕಾರ ಆರಂಭಿಸಿದ ಯೋಜನೆಯ ಅಂಗನವಾಡಿಗಳಲ್ಲಿ ಆಹಾರ, ಲಸಿಕೆ, ಆಟ-ಪಾಠ ಎಲ್ಲವೂ ಒಂದೇ ಸೂರಿನಡಿ ಸೇರಿವೆ. ಅಲ್ಲಿ ಮಗುವಿನ ತೂಕ ಮಾಡಿಸಲು ನಾಚಿಕೆ ಏಕೆ?

"ಮಗುವಿನೊಡನೆ ಮಾತಾಡಲು ಪುರುಸೊತ್ತು ಎಲ್ಲಿ?" ಎಂದು ನೀವು ಕೇಳುವಿರಿ. ಕೇಳುವುದು ನ್ಯಾಯವೇ. ಬೆಳಗಿನ ಜಾವ ಹೋಟೆಲಿನ ಒಲೆ ಹಚ್ಚಿ ನಡುರಾತ್ರಿ ಮನೆಗೆ ಬರುವವನು ಮಗುವನ್ನು ಕಾಣುವುದು ನಿದ್ರೆಯಲ್ಲಿ ಮಾತ್ರ. ಆದುದರಿಂದಲೇ ದುಡಿಮೆಗೆ ಹೊತ್ತಿನ ಮಿತಿ, ವಾರದ ರಜೆ ಎಂದು ನಾವು ಕೇಳುವುದು ನಮ್ಮ ಮೈನೋವಿಗಾಗಿ ಮಾತ್ರವಲ್ಲ. ಆ ಹೊತ್ತು ಮಗುವಿನ ಪಾಲು. ಅದನ್ನು ಕೇಳಿ ಪಡೆಯೋಣ. ಪಡೆದುದನ್ನು ಇಸ್ಪೀಟಿಗೆ ಕಳೆಯದೆ ಮಗುವಿಗೇ ಕೊಡೋಣ.

ಇದಕ್ಕೆ ಕಾಸು ಬೇಡ. ಪಾತ್ರೆ ತೊಳೆಯುವಾಗ ಪಾತ್ರೆಯ ಹೆಸರು ಹೇಳಿ. ಮಗು ತೊದಲಿದರೆ ಉತ್ತರ ಕೊಡಿ. ಅಜ್ಜಿಯ ಕಥೆಯನ್ನು ನಮ್ಮ ಕನ್ನಡದಲ್ಲಿಯೇ ಹೇಳಿ. ಮರಾಠಿ, ಹಿಂದಿಯನ್ನು ಮಗು ಓಣಿಯಲ್ಲಿ ತಾನೇ ಕಲಿಯುತ್ತದೆ. ಉಣಿಸುವಾಗ ಅದರ ಕೈಗೆ ಮೊಬೈಲು ಕೊಡಬೇಡಿ. ಅದು ಮಾತಾಡುತ್ತದೆ, ಮಗುವಿನ ಮಾತನ್ನು ಕೇಳುವುದಿಲ್ಲ. ಸಂಸಾರವನ್ನು ಊರಲ್ಲಿ ಬಿಟ್ಟವರು ಫೋನಿನಲ್ಲಿ ಹಣದ ಲೆಕ್ಕ ಮುಗಿದ ಮೇಲೆ ಮಗುವಿನೊಡನೆ ನಾಲ್ಕು ಮಾತಾಡಿ.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ಮಗುವಿನ ತೂಕದ ಕಾರ್ಡನ್ನು ತನ್ನಿ. ಪಗಾರದ ಚೀಟಿಯ ಜೊತೆಗೆ ಅದನ್ನೂ ನೋಡೋಣ.