ಮಡಿಚಿಟ್ಟ ನಮೂನೆಗೊಂದು ಬೀಗ

ಮನೆಯಲ್ಲಿ ದೇವರನಾಮದ ಪುಸ್ತಕವಿದ್ದರೆ ಒಮ್ಮೆ ಬಿಡಿಸಿ ನೋಡಿ, ಮಕ್ಕಳೇ. ಪಲ್ಲವಿ ಮೇಲೆ ಒಂದೇ ಸಲ ಅಚ್ಚಾಗಿರುತ್ತದೆ, ಪಕ್ಕದಲ್ಲಿ ‘ಪ’ ಎಂಬ ಗುರುತು. ಆಮೇಲೆ ಚರಣಗಳ ಕೊನೆಗೆ ಬರೀ 1, 2, 3. ಆ ಅಂಕಿ ಕಂಡೊಡನೆ ಅಜ್ಜಿ ಮೇಲಕ್ಕೆ ಹೋಗಿ ಪಲ್ಲವಿಯನ್ನು ಮತ್ತೆ ಹಾಡುತ್ತಾರೆ. ಪುಸ್ತಕದಲ್ಲಿ ಜಾಗ ಉಳಿಯಿತು, ಹಾಡಿನಲ್ಲಿ ಒಂದಕ್ಷರವೂ ಕಳೆಯಲಿಲ್ಲ.

ಕಂಪ್ಯೂಟರಿನಲ್ಲಿ ಫೈಲುಗಳನ್ನು ಚಿಕ್ಕದು ಮಾಡಿ ಕಟ್ಟಿಡುವ ಜಿಪ್ ಎಂಬ ಪೆಟ್ಟಿಗೆ ಮಾಡುವುದೂ ಇದನ್ನೇ. ನಿಮ್ಮ ಶಾಲೆಯ ಅಂಕಪಟ್ಟಿಯ ಖಾಲಿ ನಮೂನೆಯನ್ನು ನೆನಪಿಸಿಕೊಳ್ಳಿ: ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ತಾಯಿಯ ಹೆಸರು. ಜಿಪ್ ಮೊದಲ ‘ಯ ಹೆಸರು’ ಬಂದಾಗ ಪೂರ್ತಿ ಬರೆದುಕೊಳ್ಳುತ್ತದೆ. ಎರಡನೆಯದು ಸಿಕ್ಕಾಗ ಬರೆಯುವುದು ಎರಡೇ ಸಂಖ್ಯೆ: ಇಷ್ಟು ಹಿಂದಕ್ಕೆ ಹೋಗು, ಅಲ್ಲಿಂದ ಇಷ್ಟನ್ನು ಎತ್ತಿಕೋ. ಅಬ್ರಹಾಂ ಲೆಂಪೆಲ್, ಯಾಕೋಬ್ ಜಿವ್ ಎಂಬ ಇಸ್ರೇಲಿನ ಇಬ್ಬರು ವಿಜ್ಞಾನಿಗಳು 1977ರಲ್ಲಿ ಪ್ರಕಟಿಸಿದ ಉಪಾಯವಿದು. ಜಿಪ್ ಹೀಗೆ 32,768 ಬೈಟ್‌ಗಳವರೆಗೆ ಹಿಂತಿರುಗಿ ನೋಡಬಲ್ಲದು. ಬೈಟ್ ಎಂದರೆ 0ಯಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಯುವಷ್ಟು ಜಾಗ.

ನಮ್ಮ ಕನ್ನಡಕ್ಕೆ ಈ ಉಪಾಯ ಬಹಳ ಚೆನ್ನಾಗಿ ಒಗ್ಗುತ್ತದೆ, ನನಗೆ ತುಂಬ ಇಷ್ಟವಾದ ಸಂಗತಿಯಿದು. ಇಂಗ್ಲಿಷಿನ ‘ಎ’ಗೆ ಒಂದು ಬೈಟ್ ಸಾಕು. ಯುಟಿಎಫ್-8 ಎಂಬ ಪದ್ಧತಿಯಲ್ಲಿ ನಮ್ಮ ‘ಕ’ಗೆ ಮೂರು ಬೇಕು. ‘ಕಿ’ಯಲ್ಲಿ ಗುಡಿಸು ಬೇರೆಯಾಗಿ ಸೇರುವುದರಿಂದ ಆರು, ‘ಕ್ಷ’ಗೆ ಒಂಬತ್ತು. ‘ಹೆಸರು’ ಎಂಬ ಪುಟ್ಟ ಪದಕ್ಕೇ 15 ಬೈಟ್! ಆದರೆ ಆ ಮೂರು ಮೂರು ಸಂಖ್ಯೆಗಳನ್ನು ಬಿಡಿಸಿ ನೋಡಿದರೆ ಮೊದಲನೆಯದು ಯಾವಾಗಲೂ 224. ಎರಡನೆಯದು 178 ಇಲ್ಲವೇ 179. ಮೂರನೆಯದು ಮಾತ್ರ ಅಕ್ಷರದಿಂದ ಅಕ್ಷರಕ್ಕೆ ಬದಲಾಗುತ್ತದೆ. ಪುಟದ ತುಂಬ 224, 224, 224 ಎಂಬ ಪಲ್ಲವಿ!

ಇಂಥ ಪಲ್ಲವಿಗೆ ಇನ್ನೊಂದು ಮದ್ದೂ ಇದೆ. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಕೈಗೆ ಸಿಗುವಲ್ಲೇ ಇರುತ್ತದೆ, ಹಬ್ಬಕ್ಕೊಮ್ಮೆ ಇಳಿಸುವ ದೊಡ್ಡ ಪಾತ್ರೆ ಅಟ್ಟದ ಮೇಲೆ. ಹಾಗೆಯೇ, ಪದೇ ಪದೇ ಬರುವ ಸಂಖ್ಯೆಗೆ ಚಿಕ್ಕ ಗುರುತು, ಅಪರೂಪದ್ದಕ್ಕೆ ಉದ್ದನೆಯದು. ಈ ಗುರುತುಗಳನ್ನು ಅತಿ ಮಿತವಾಗಿ ಹಂಚುವ ದಾರಿ ಕಂಡುಹಿಡಿದದ್ದು ಡೇವಿಡ್ ಹಫ್‌ಮನ್ ಎಂಬ ಅಮೆರಿಕದ ವಿದ್ಯಾರ್ಥಿ. ಪ್ರಬಂಧ ಬರೆದುಕೊಟ್ಟರೆ ಕೊನೆಯ ಪರೀಕ್ಷೆ ಬೇಡ ಎಂದಿದ್ದರು ಮೇಷ್ಟ್ರು. 1951ರಲ್ಲಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡು, ಇನ್ನೇನು ಕೈಬಿಡಬೇಕು ಎನ್ನುವಾಗ ಅವನಿಗೆ ಉತ್ತರ ಹೊಳೆಯಿತು.

ಒಂದು ಪ್ರಯೋಗ ಮಾಡೋಣ. ವರ್ಡ್‌ನಲ್ಲಿ ರಜಾ ಅರ್ಜಿಯ ನಮೂನೆ ಮಾಡಿ ಉಳಿಸಿ. ಅದರ ನಕಲೊಂದನ್ನು ತೆಗೆದುಕೊಂಡು, ಹೆಸರಿನ ಕೊನೆಯಲ್ಲಿರುವ ‘ಡಿ-ಓ-ಸಿ-ಎಕ್ಸ್’ ಬಾಲ ತೆಗೆದು ‘ಜಿಪ್’ ಬಾಲ ಅಂಟಿಸಿ. ಬಾಲ ಕಾಣದಿದ್ದರೆ ಮನೆಯ ದೊಡ್ಡವರನ್ನು ಕೇಳಿ. ಈಗ ತೆರೆಯಿರಿ. ಒಳಗೆ ಫೋಲ್ಡರುಗಳು, ಒಂದರಲ್ಲಿ ನಿಮ್ಮ ಅರ್ಜಿಯ ಮಾತುಗಳು, ಚಿತ್ರ ಹಾಕಿದ್ದರೆ ಇನ್ನೊಂದರಲ್ಲಿ ಆ ಚಿತ್ರ! ನಿಮ್ಮ ಅರ್ಜಿ ಮೊದಲಿನಿಂದಲೂ ಒಂದು ಜಿಪ್ ಪೆಟ್ಟಿಗೆಯೇ ಆಗಿತ್ತು. ಇಂಥ ಫೈಲನ್ನು ಮತ್ತೆ ಜಿಪ್ ಮಾಡಿದರೆ ಹೆಚ್ಚೇನೂ ಕುಗ್ಗುವುದಿಲ್ಲ, ಮಡಿಚಿದ ಸೀರೆಯನ್ನು ಇನ್ನೆಷ್ಟು ಮಡಿಚಲಾದೀತು? ಆದರೂ ನಲವತ್ತು ನಮೂನೆಗಳನ್ನು ಒಂದೇ ಗಂಟಾಗಿ ಕಟ್ಟಿ ಕಳಿಸಲು, ಮುಖ್ಯವಾಗಿ ಬೀಗ ಹಾಕಲು, ಜಿಪ್ ಬೇಕಾಗುತ್ತದೆ.

ಖಾಲಿ ನಮೂನೆಯನ್ನು ಯಾರು ನೋಡಿದರೇನು? ಆದರೆ ಅದರಲ್ಲಿ ನಿಮ್ಮ ಹೆಸರು, ಹುಟ್ಟಿದ ದಿನ, ಗಣಿತದ ಅಂಕ ತುಂಬಿದ ಮೇಲೆ ಅದು ನಿಮ್ಮ ಗುಟ್ಟು. ಅದಕ್ಕೆ ಬೀಗ ಬೇಕೇ ಬೇಕು.

ಒಳ್ಳೆಯ ಬೀಗದ ಹೆಸರು ಎಇಎಸ್. ಬೆಲ್ಜಿಯಂನ ಯೋನ್ ಡಾಮೆನ್, ವಿನ್ಸೆಂಟ್ ರೈಮೆನ್ ರೂಪಿಸಿದ್ದು, 2001ರಲ್ಲಿ ಅಮೆರಿಕ ಅದನ್ನು ತನ್ನ ಮಾನಕವಾಗಿ ಒಪ್ಪಿಕೊಂಡಿತು. ಅದು 16 ಬೈಟ್‌ಗಳನ್ನು ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲುಗಳ ಚೌಕದಲ್ಲಿ ಕೂರಿಸುತ್ತದೆ. ಒಂದರ ಬದಲು ಇನ್ನೊಂದು ಇಡುತ್ತದೆ, ಅಡ್ಡಸಾಲುಗಳನ್ನು ಸರಿಸುತ್ತದೆ, ಕಂಬಸಾಲುಗಳನ್ನು ಕಲಸುತ್ತದೆ, ಕೀಲಿಯನ್ನು ಬೆರೆಸುತ್ತದೆ. ಎಇಎಸ್-256 ಎಂಬ ಅದರ ದೊಡ್ಡ ಬಗೆಯಲ್ಲಿ ಹೀಗೆ 14 ಸುತ್ತು. ಅದಕ್ಕೆ ಎಷ್ಟು ಬಗೆಯ ಕೀಲಿ ಸಾಧ್ಯ ಎಂದು ಬರೆಯಹೊರಟರೆ 78 ಅಂಕಿಗಳ ಸಂಖ್ಯೆ ಬರುತ್ತದೆ. ಆದರೆ ನೀವು ನಾಲ್ಕೇ ಅಂಕಿಯ ಪಾಸ್‌ವರ್ಡ್ ಇಟ್ಟರೆ ಕಳ್ಳ ಹುಡುಕಬೇಕಾದದ್ದು ಬರೀ 10,000! ಕಂಪ್ಯೂಟರಿಗೆ ಅದೇನು ಹೊತ್ತು?

ಬೀಗ ಹಾಕುವುದು ಯಾವಾಗಲೂ ಮಡಿಚಿದ ಮೇಲೆ. ಕಲಸಿ ಹೋದದ್ದರಲ್ಲಿ ಪಲ್ಲವಿಯೇ ಉಳಿದಿರುವುದಿಲ್ಲ, ಮಡಿಚುವುದೇನನ್ನು?

ಮಡಿಚಲು ಅಷ್ಟು ನೆರವಾದ ಪಲ್ಲವಿಯೇ, ಅದು ಎಲ್ಲರಿಗೂ ಗೊತ್ತಿದ್ದರೆ, ಬೀಗಕ್ಕೆ ಶತ್ರುವಾಗಬಲ್ಲದು. ಅಮೆರಿಕದ ಫಿಲ್ ಕಾಟ್ಜ್ 1989ರಲ್ಲಿ ಜಿಪ್ ತಂದಾಗಿನಿಂದ ಉಳಿದುಬಂದ ಹಳೆಯ ಬೀಗವೊಂದಿತ್ತು. 1994ರಲ್ಲಿ ಎಲಿ ಬಿಹಾಮ್, ಪಾಲ್ ಕೋಚರ್ ಎಂಬ ಇಬ್ಬರು ತಜ್ಞರು ಅದರ ದೌರ್ಬಲ್ಯ ತೋರಿಸಿದರು. ಪೆಟ್ಟಿಗೆಯೊಳಗಿನ ಒಂದು ಫೈಲಿನ ತುಸು ಭಾಗ ಕಳ್ಳನಿಗೆ ಮೊದಲೇ ಗೊತ್ತಿದ್ದರೆ ಸಾಕು, ತಾಳೆ ಹಾಕಿ, ಅದೇ ಪಾಸ್‌ವರ್ಡಿನ ಉಳಿದ ಫೈಲುಗಳನ್ನೂ ತೆರೆಯಬಲ್ಲ! ನಮೂನೆಯಂತೂ ಊರಿಗೆಲ್ಲ ಗೊತ್ತಿರುವ ಕಾಗದ. ತುಂಬಿದ ಅಂಕಪಟ್ಟಿಗಳ ಜೊತೆ ಖಾಲಿ ನಮೂನೆಯನ್ನೂ ಆ ಹಳೆಯ ಬೀಗದಡಿ ಇಟ್ಟರೆ ಕಳ್ಳನ ಕೈಗೆ ಎಳೆ ಕೊಟ್ಟಂತೆಯೇ.

ಎಇಎಸ್ ಬೀಗದ ಮುಂದೆ ಈ ತಾಳೆ ನಡೆಯದು. ಅಲ್ಲದೆ, ಜಿಪ್‌ನಲ್ಲಿ ಅದನ್ನು ಹಾಕುವಾಗ ಪಾಸ್‌ವರ್ಡಿನ ಜೊತೆ ಪ್ರತಿ ಸಲವೂ ಹೊಸದೊಂದು ಸಂಖ್ಯೆ ಬೆರೆಯುತ್ತದೆ. ಬಲ್ಲವರು ಅದನ್ನು ಉಪ್ಪು ಎಂದೇ ಕರೆಯುತ್ತಾರೆ. ದೊಡ್ಡವರ ಜೊತೆ ಕೂತು ಸೆವೆನ್-ಜಿಪ್ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ ರಜಾ ಅರ್ಜಿಗೆ ಬೀಗ ಹಾಕಿ ನೋಡಿ. ಪೆಟ್ಟಿಗೆಯ ಬಗೆ ‘ಜಿಪ್’ ಎಂದು ಆರಿಸಿದರೆ ಜಿಪ್‌ಕ್ರಿಪ್ಟೋ, ಎಇಎಸ್-256 ಎಂಬ ಎರಡು ಆಯ್ಕೆ ಸಿಗುತ್ತವೆ, ಮೊದಲನೆಯದೇ ಆ ಹಳೆಯ ಬೀಗ. ಎರಡನೆಯದನ್ನು ಆರಿಸಿ, ಒಂದೇ ಪಾಸ್‌ವರ್ಡಿನಿಂದ ಎರಡು ಪೆಟ್ಟಿಗೆ ಮಾಡಿ, ಎರಡನ್ನೂ ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಎರಡರ ಶುರುವಿನಲ್ಲೂ ಪಿ, ಕೆ ಎಂಬ ಎರಡು ಇಂಗ್ಲಿಷ್ ಅಕ್ಷರ ಕಾಣುತ್ತವೆ, ಫಿಲ್ ಕಾಟ್ಜ್ ಹೆಸರಿನ ಮೊದಲಕ್ಷರಗಳವು. ತುಸು ಮುಂದೆ ನಿಮ್ಮ ಫೈಲಿನ ಹೆಸರು. ಅದನ್ನು ಈ ಬೀಗ ಮುಚ್ಚುವುದಿಲ್ಲ, ಹಾಗಾಗಿ ಗುಟ್ಟನ್ನು ಫೈಲಿನ ಹೆಸರಿನಲ್ಲಿ ಬರೆಯಬೇಡಿ. ಅದರಾಚೆ ಬರುವುದು ಬರೀ ಗೋಜಲು. ಒಂದೇ ಅರ್ಜಿ, ಒಂದೇ ಪಾಸ್‌ವರ್ಡ್, ಆದರೂ ಆ ಗೋಜಲು ಎರಡು ಪೆಟ್ಟಿಗೆಗಳಲ್ಲೂ ಬೇರೆ ಬೇರೆ.