ಕೆರೆಯ ಹಕ್ಕಿಗಳಿಗೂ ಒಂದು ಹಾಜರಿ ಪುಸ್ತಕ

(ಸುವರ್ಣ ಮಹೋತ್ಸವದ ಎರಡನೆಯ ದಿನದ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಹಕ್ಕಿ ನೋಡುವುದರ ಬಗ್ಗೆ ಮಾತಾಡಬೇಕು ಎಂದು ಸಮಿತಿಯವರು ಹೇಳಿದರು. ಹಕ್ಕಿ ನೋಡುವುದಕ್ಕೂ ಉಪನ್ಯಾಸ ಬೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಹಳ್ಳಿಯಲ್ಲಿ ಹುಟ್ಟಿದ ನಾವೆಲ್ಲ ಹಕ್ಕಿಗಳನ್ನು ನೋಡಿಕೊಂಡೇ ಬೆಳೆದವರು. ನಿಜ. ಆದರೆ ನೋಡಿದ್ದನ್ನು ಬರೆದಿಟ್ಟವರಲ್ಲ. ನಾನು ಇವತ್ತು ಹೇಳಬೇಕೆಂದಿರುವುದು ಅದೊಂದೇ ವಿಷಯ.

ನಮ್ಮ ಶಾಲೆಯ ದಾಖಲಾತಿ ಪುಸ್ತಕ ತೆಗೆದರೆ ಐವತ್ತು ವರ್ಷಗಳಲ್ಲಿ ಇಲ್ಲಿಗೆ ಯಾರು ಸೇರಿದರು, ಯಾವ ವರ್ಷ ಬಿಟ್ಟರು ಎಂಬುದೆಲ್ಲ ಸಿಗುತ್ತದೆ. ಹಾಜರಿ ಪುಸ್ತಕದಲ್ಲಿ ಒಂದು ಮಗು ಮೂರು ದಿನ ಕಾಣದಿದ್ದರೆ ಮೇಷ್ಟ್ರು ಮನೆಗೆ ಹೇಳಿ ಕಳಿಸುತ್ತಾರೆ. ಶಾಲೆಯ ಹಿಂದೆಯೇ ಕೆರೆ ಇದೆ. ಆ ಕೆರೆಗೆ ಈ ಐವತ್ತು ವರ್ಷಗಳಲ್ಲಿ ಯಾವ ಹಕ್ಕಿ ಬಂತು, ಯಾವುದು ಬರುವುದನ್ನು ನಿಲ್ಲಿಸಿತು ಎಂದು ಹೇಳುವ ಒಂದು ಹಾಳೆಯೂ ನಮ್ಮಲ್ಲಿಲ್ಲ. ಅಲ್ಲಿ ಯಾರಾದರೂ ಗೈರುಹಾಜರಾದರೆ ಹೇಳಿ ಕಳಿಸುವವರು ಯಾರು?

ಈ ದಿನ ಬೆಳಿಗ್ಗೆ ಆರೂವರೆಗೆ ಎಂಟು ಮತ್ತು ಒಂಬತ್ತನೇ ತರಗತಿಯ ಹದಿನೆಂಟು ಮಕ್ಕಳ ಜೊತೆ ಏರಿಯ ಮೇಲೆ ಹೋಗಿದ್ದೆ. ತೂಬಿನಿಂದ ಕೋಡಿಯವರೆಗೆ ನಿಧಾನವಾಗಿ ನಡೆದೆವು. ಹೊರಡುವ ಮೊದಲು, ಎಷ್ಟು ಬಗೆಯ ಹಕ್ಕಿ ಸಿಗಬಹುದು ಎಂದು ಕೇಳಿದೆ. ಹತ್ತು ಎಂದರು, ಒಬ್ಬ ಹುಡುಗ ಧೈರ್ಯ ಮಾಡಿ ಹದಿನೈದು ಎಂದ. ಒಂದು ಗಂಟೆಯಲ್ಲಿ ನಮ್ಮ ಪಟ್ಟಿಯಲ್ಲಿ ಮೂವತ್ತನಾಲ್ಕು ಹೆಸರುಗಳಿದ್ದವು. ನೀರಿನ ಮಧ್ಯೆ ನಾಮದ ಕೋಳಿ ಮತ್ತು ಗುಳುಮುಳುಕ, ದಡದ ಕೆಸರಿನಲ್ಲಿ ಉದ್ದ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ, ಜೊಂಡಿನಲ್ಲಿ ಹುಂಡುಕೋಳಿ, ತಂತಿಯ ಮೇಲೆ ಕಾಜಾಣ ಮತ್ತು ಕಳ್ಳಿಪೀರ, ಒಣಗಿದ ಕೊಂಬೆಯ ಮೇಲೆ ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತಿದ್ದ ನೀರುಕಾಗೆ. ಮಿಂಚುಳ್ಳಿಯಲ್ಲೇ ಎರಡು ಬಗೆ ಕಂಡವು. ಒಂದು ಕೊಂಬೆಯಲ್ಲಿ ಕೂತು ಕಾಯುವ ನೀಲಿ ಬೆನ್ನಿನದು, ಇನ್ನೊಂದು ನೀರಿನ ಮೇಲೆ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿದು ನೇರ ಕೆಳಗೆ ಧುಮುಕುವ ಕಪ್ಪು ಬಿಳುಪಿನದು. ಅದು ಧುಮುಕಿದಾಗ ಮಕ್ಕಳು ಕೂಗಿದ ಕೂಗಿಗೆ ಅರ್ಧ ಕೆರೆ ಎದ್ದು ಹಾರಿತು. ಇರಲಿ, ಮೊದಲ ದಿನ ಹಾಗೆಯೇ.

ವಾಪಸು ಬರುವಾಗ ಒಬ್ಬ ಹುಡುಗಿ ಕೇಳಿದಳು: "ಸಾರ್, ಇವೆಲ್ಲ ದಿನಾ ಇಲ್ಲೇ ಇರ್ತಾವಾ?" ಒಳ್ಳೆಯ ಪ್ರಶ್ನೆ. ಕೆಲವು ಇಲ್ಲಿನವೇ. ಕೆಲವು ನೆಂಟರು. ದಡದಲ್ಲಿ ಬಾಲ ಕುಣಿಸುತ್ತಾ ಓಡಾಡುವ ಕುಂಡೆಕುಸ್ಕಗಳಲ್ಲಿ ಹಲವು ಬಗೆಯವು ಮಳೆಗಾಲ ಕಳೆದ ಮೇಲೆ ಉತ್ತರದ ತಂಪು ನಾಡುಗಳಿಂದ ಬಂದು, ಬೇಸಿಗೆ ಏರುವ ಹೊತ್ತಿಗೆ ಹಿಂತಿರುಗುತ್ತವೆ. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಇಳಿಯುತ್ತವೆ. ಅವು ಹಿಮಾಲಯ ದಾಟಿ ಬರುವ ಹಕ್ಕಿಗಳು. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕುತ್ತಿಗೆಗೆ ನಂಬರಿನ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ನಮ್ಮ ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ಇಲ್ಲಿ ಯಾರೋ ಆ ನಂಬರನ್ನು ಓದಿ ಬರೆದುಕೊಂಡಿದ್ದರಿಂದ ಅದು ಗೊತ್ತಾಯಿತು.

ಬರೆದಿಡುವುದರಿಂದ ಏನು ಪ್ರಯೋಜನ ಎಂಬುದಕ್ಕೆ ರಣಹದ್ದಿನ ಕಥೆಗಿಂತ ದೊಡ್ಡ ಸಾಕ್ಷಿ ಬೇಡ. ಇಲ್ಲಿರುವ ಅರವತ್ತು ದಾಟಿದವರಿಗೆ ರಣಹದ್ದು ಗೊತ್ತು. ಸತ್ತ ದನವನ್ನು ಊರಾಚೆ ಎಳೆದು ಹಾಕಿದರೆ ಅವು ಬಂದು ಮೂಳೆ ಮಾತ್ರ ಉಳಿಸಿ ಹೋಗುತ್ತಿದ್ದವು. ಯಾವಾಗ ಬರುವುದನ್ನು ನಿಲ್ಲಿಸಿದವು? ಯಾವ ವರ್ಷ? ಯಾರಿಗೂ ಹೇಳಲು ಆಗುವುದಿಲ್ಲ. ಇದೇ ಪ್ರಶ್ನೆಗೆ ರಾಜಸ್ಥಾನದ ಭರತಪುರದಲ್ಲಿ ಉತ್ತರ ಇತ್ತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ ಅವರು ಅಲ್ಲಿ 1980ರ ದಶಕದಲ್ಲಿ ರಣಹದ್ದಿನ ಗೂಡುಗಳನ್ನು ಎಣಿಸಿ ಬರೆದಿಟ್ಟಿದ್ದರು. ಹತ್ತು ವರ್ಷದ ನಂತರ ಅದೇ ಜಾಗದಲ್ಲಿ ಮತ್ತೆ ಎಣಿಸಿದಾಗ ಅರ್ಧದಷ್ಟೂ ಉಳಿದಿರಲಿಲ್ಲ. ಹಳೆಯ ಲೆಕ್ಕ ಇದ್ದದ್ದರಿಂದ ಅಪಾಯ ಲೋಕಕ್ಕೆ ತಿಳಿಯಿತು. ಮುಂದೆ ಕಾರಣವೂ ಸಿಕ್ಕಿತು. ದನಕರುಗಳಿಗೆ ನೋವು, ಬಾವು ಇಳಿಯಲು ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿ. ಆ ಔಷಧಿ ಪಡೆದು ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು, ಕೆಲವೇ ದಿನಗಳಲ್ಲಿ ಅದು ಸಾಯುತ್ತಿತ್ತು. ಬಿಳಿಬೆನ್ನಿನ ರಣಹದ್ದು ದೇಶದಲ್ಲಿ ನೂರಕ್ಕೆ 99ಕ್ಕಿಂತ ಹೆಚ್ಚು ಕಡಿಮೆಯಾಯಿತು. 2006ರಲ್ಲಿ ದನಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಲಾಯಿತು. ಅದರ ಬದಲಿಗೆ ಹದ್ದುಗಳಿಗೆ ಹಾನಿ ಮಾಡದ ಮೆಲಾಕ್ಸಿಕಾಂ ಇದೆ. ದನ ಸಾಕಿದವರು ಪಶುವೈದ್ಯರನ್ನು ಕೇಳಿ ಅದನ್ನೇ ಕೊಡಿಸಿ. ನಮ್ಮ ರಾಜ್ಯದಲ್ಲಿ ಉಳಿದಿರುವ ಉದ್ದಕೊಕ್ಕಿನ ರಣಹದ್ದುಗಳಿಗಾಗಿ ರಾಮನಗರದ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ಧಾಮ ಮಾಡಿದ್ದಾರೆ.

ಇಂಥ ಲೆಕ್ಕ ಇಡುವುದು ದೊಡ್ಡ ವಿಜ್ಞಾನಿಗಳ ಕೆಲಸ ಮಾತ್ರ ಎಂದುಕೊಳ್ಳಬೇಡಿ. 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತು ಒಂದು ವರದಿ ಬಂತು. 942 ಜಾತಿಯ ಹಕ್ಕಿಗಳ ಲೆಕ್ಕ ಅದರಲ್ಲಿದೆ. ಅದಕ್ಕೆ ಆಧಾರವಾದದ್ದು ಸುಮಾರು 30,000 ಜನ ಹಕ್ಕಿ ವೀಕ್ಷಕರು ಬರೆದಿಟ್ಟ 3 ಕೋಟಿ ದಾಖಲೆಗಳು. ಅವರಲ್ಲಿ ಮೇಷ್ಟ್ರುಗಳಿದ್ದಾರೆ, ರೈತರಿದ್ದಾರೆ, ವಿದ್ಯಾರ್ಥಿಗಳಿದ್ದಾರೆ. 178 ಜಾತಿಗಳ ರಕ್ಷಣೆಗೆ ತುರ್ತು ಗಮನ ಬೇಕು ಎಂದು ಆ ವರದಿ ಹೇಳಿತು. ನವಿಲು ಹೆಚ್ಚಾಗಿದೆ, ಅದು ನಮ್ಮ ಹೊಲಗಳವರಿಗೆ ಹೇಳಿಕೊಡಬೇಕಾಗಿಲ್ಲ! ಆದರೆ ನೀಲಕಂಠ ಕಡಿಮೆಯಾಗುತ್ತಿದೆ.

ಮಕ್ಕಳೇ, ನೀಲಕಂಠ ನಮ್ಮ ರಾಜ್ಯಪಕ್ಷಿ. ಸಾಮಾನ್ಯ ಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ನೀವೆಲ್ಲ ಇದನ್ನು ಬರೆದು ಒಂದು ಅಂಕ ತೆಗೆದುಕೊಂಡಿದ್ದೀರಿ. ಕಣ್ಣಾರೆ ಕಂಡವರು ಎಷ್ಟು ಜನ ಕೈ ಎತ್ತಿ. ನೋಡಿ, ಇಷ್ಟು ದೊಡ್ಡ ಸಭೆಯಲ್ಲಿ ಏಳೆಂಟು ಕೈಗಳು, ಅವೂ ಹೆಚ್ಚಾಗಿ ಹಿರಿಯರವು. ತಂತಿಯ ಮೇಲೆ ಕೂತಾಗ ಅದು ಮಾಸಲು ಕಂದು ಬಣ್ಣದ ಸಾಮಾನ್ಯ ಹಕ್ಕಿ. ಹಾರಿದಾಗ ಮಾತ್ರ ರೆಕ್ಕೆಯ ನೀಲಿ ಬಿಚ್ಚಿಕೊಳ್ಳುತ್ತದೆ. ವಿಜಯದಶಮಿಯ ದಿನ ಅದನ್ನು ಕಂಡರೆ ಶುಭ ಎಂದು ದೇಶದ ಹಲವೆಡೆ ನಂಬುತ್ತಾರೆ. ಮಿಡತೆ, ದುಂಬಿ ಹಿಡಿದು ತಿನ್ನುವುದರಿಂದ ರೈತನಿಗೂ ಬೇಕಾದದ್ದು. ಅದು ಗೂಡು ಮಾಡುವುದು ಹಳೆಯ ಮರದ ಪೊಟರೆಯಲ್ಲಿ. ಹೊಲದ ಬದುವಿನ ಪೊಳ್ಳು ಮರ ಯಾವ ಉಪಯೋಗಕ್ಕೂ ಬಾರದು ಎಂದು ಕಡಿದರೆ ಅದರ ಬಾಣಂತಿ ಕೋಣೆಯನ್ನೇ ಕಿತ್ತಂತೆ.

ಇನ್ನು ಹೇಗೆ ನೋಡಬೇಕು, ಹೇಗೆ ಬರೆಯಬೇಕು ಎಂಬುದನ್ನು ಹೇಳುತ್ತೇನೆ. ಹೊತ್ತು ಹುಟ್ಟಿದ ಮೇಲಿನ ಎರಡು ಗಂಟೆ ಒಳ್ಳೆಯ ಸಮಯ. ಗಿಡಮರಗಳಲ್ಲಿ ಬೆರೆಯುವ ಬಣ್ಣದ ಬಟ್ಟೆ ಹಾಕಿಕೊಳ್ಳಿ. ಹತ್ತು ಹೆಜ್ಜೆ ನಡೆದು ಎರಡು ನಿಮಿಷ ನಿಲ್ಲಿ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಹೊಸ ಹಕ್ಕಿ ಕಂಡರೆ ತಕ್ಷಣ ಪುಸ್ತಕ ತೆರೆಯಬೇಡಿ, ಹಕ್ಕಿಯನ್ನೇ ನೋಡಿ. ಗಾತ್ರ ಗುಬ್ಬಿಯಷ್ಟೋ, ಮೈನಾದಷ್ಟೋ, ಕಾಗೆಯಷ್ಟೋ? ಕೊಕ್ಕು ಕಾಳು ಒಡೆಯುವ ಮೊಂಡು ಕೊಕ್ಕೋ, ಕೆಸರು ಚುಚ್ಚುವ ಉದ್ದ ಕೊಕ್ಕೋ? ನೆಲದಲ್ಲಿ ನಡೆಯುತ್ತದೋ, ಕುಪ್ಪಳಿಸುತ್ತದೋ? ಕೂಗು ಹೇಗಿದೆ? ಇಷ್ಟನ್ನು ಬರೆದುಕೊಂಡರೆ ಹೆಸರು ಆಮೇಲೆ ಸಿಗುತ್ತದೆ. ಪೂರ್ಣಚಂದ್ರ ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು', 'ಹಕ್ಕಿ ಪುಕ್ಕ' ನಮ್ಮ ಗ್ರಂಥಾಲಯದಲ್ಲಿ ಇರಲೇಬೇಕಾದ ಪುಸ್ತಕಗಳು.

ಕಣ್ಣು ನೆಲದ ಮೇಲೂ ಇರಲಿ. ಕೆರೆ ಅಂಗಳದ ಒದ್ದೆ ಮಣ್ಣು ಒಂದು ಸ್ಲೇಟು ಇದ್ದಹಾಗೆ. ರಾತ್ರಿ ಮುಂಗುಸಿ ಬಂದಿತ್ತೋ, ಮೊಲ ದಾಟಿತ್ತೋ, ಉಡ ಬಾಲ ಎಳೆದುಕೊಂಡು ಹೋಗಿತ್ತೋ, ಎಲ್ಲ ಅಲ್ಲಿ ಬರೆದಿರುತ್ತದೆ. ಅದನ್ನು ಓದಲು ನಮ್ಮ ಕುರಿ ಕಾಯುವವರಿಗಿಂತ ಒಳ್ಳೆಯ ಮೇಷ್ಟ್ರು ಸಿಗುವುದಿಲ್ಲ.

ಕೆಲವು ಕಟ್ಟುಪಾಡುಗಳು. ಗೂಡಿನ ಹತ್ತಿರ ಹೋಗಬೇಡಿ, ಗೂಡಿನ ಫೋಟೋ ತೆಗೆಯಬೇಡಿ. ನೀವು ಕೊಂಬೆ ಸರಿಸಿದ ದಾರಿಯಲ್ಲೇ ಕಾಗೆ ಬಂದು ಮೊಟ್ಟೆ ಎತ್ತುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ಕವಣೆ ಮನೆಯಲ್ಲೂ ಬೇಡ. ನೀರಿನ ಬಳಿ ದೊಡ್ಡವರಿಲ್ಲದೆ ಇಳಿಯಬೇಡಿ. ಗೂಬೆ ಕಂಡರೆ ಅಪಶಕುನ ಎಂದು ಕಲ್ಲು ಹೊಡೆಯುವವರಿಗೆ ಹೇಳಿ: ಅದು ರಾತ್ರಿಯೆಲ್ಲ ನಮ್ಮ ಹೊಲದ ಇಲಿಗಳನ್ನು ಹಿಡಿಯುತ್ತದೆ, ಕೂಲಿ ಕೇಳುವುದಿಲ್ಲ.

ಬರೆಯುವ ಪುಸ್ತಕಕ್ಕೆ ಇಷ್ಟೇ ಕಲಂಗಳು ಸಾಕು: ದಿನಾಂಕ, ಶುರುವಾದ ಮತ್ತು ಮುಗಿದ ಸಮಯ, ಮೋಡವೋ ಬಿಸಿಲೋ, ಹಕ್ಕಿಯ ಹೆಸರು, ಎಷ್ಟು, ಏನು ಮಾಡುತ್ತಿತ್ತು, ನೋಡಿದವರು ಯಾರು. ದಾರಿ ಒಂದೇ ಇರಬೇಕು, ಸಮಯ ಒಂದೇ ಇರಬೇಕು. ಒಮ್ಮೆ ಒಂದು ಗಂಟೆ, ಇನ್ನೊಮ್ಮೆ ಮೂರು ಗಂಟೆ ನೋಡಿದರೆ ಎರಡನ್ನೂ ಹೋಲಿಸಲು ಬರುವುದಿಲ್ಲ. ಕಳೆದ ವರ್ಷ ಕಂಡ ಹಕ್ಕಿ ಈ ಸಲ ಕಾಣದಿದ್ದರೆ ಅದನ್ನೂ ಬರೆಯಿರಿ. ಗೊತ್ತಿಲ್ಲದ ಹಕ್ಕಿಗೆ ಊಹೆಯ ಹೆಸರು ಹಾಕಬೇಡಿ, ಚಿತ್ರ ಬರೆದು ಪ್ರಶ್ನೆ ಚಿಹ್ನೆ ಇಡಿ.

ಈಗ ನಮ್ಮ ಊರಿನ ಮಾತು. ಕೆರೆಯ ಹೂಳೆತ್ತುವ ವಿಚಾರ ಪಂಚಾಯ್ತಿಯಲ್ಲಿ ನಡೆಯುತ್ತಿದೆ ಎಂದು ಕೇಳಿದೆ. ಬಹಳ ಸಂತೋಷ. ಅಂತರ್ಜಲಕ್ಕೂ ದನಕರುಗಳಿಗೂ ಅದು ಆಗಲೇಬೇಕು. ಆದರೆ ಒಂದು ಮಾತು. ಕೆರೆಯನ್ನು ಬಾಣಲೆಯಂತೆ ಸುತ್ತಲೂ ಒಂದೇ ಸಮ ಆಳವಾಗಿ ತೋಡಿ ಕಲ್ಲು ಕಟ್ಟಿದರೆ ನೀರು ನಿಲ್ಲುತ್ತದೆ, ಹಕ್ಕಿ ನಿಲ್ಲುವುದಿಲ್ಲ. ಬೆಳಿಗ್ಗೆ ನಾವು ಕಂಡ ಮೂವತ್ತನಾಲ್ಕರಲ್ಲಿ ಬಹಳಷ್ಟು ಮೊಣಕಾಲುದ್ದದ ನೀರು ಮತ್ತು ಕೆಸರಿನ ಅಂಚನ್ನು ನಂಬಿದವು. ಹಿನ್ನೀರಿನ ಕಡೆ ಆ ಇಳಿಜಾರು ಅಂಚನ್ನು ಹಾಗೇ ಬಿಡಬಹುದು. ನೀರಿನೊಳಗಿನ ಜಾಲಿ ಮರಗಳನ್ನು ಉಳಿಸಬಹುದು. ಹಕ್ಕಿಗಳು ಗೂಡಿನಲ್ಲಿರುವ ತಿಂಗಳು ಬಿಟ್ಟು ಕೆಲಸ ಹಾಕಿಕೊಳ್ಳಬಹುದು. ಆದರೆ ಅದು ಯಾವ ತಿಂಗಳು, ಯಾವ ಮರ ಎಂದು ಎಂಜಿನಿಯರ್ ಕೇಳಿದರೆ ನಾವು ಏನು ಹೇಳುತ್ತೇವೆ? ಪುಸ್ತಕ ಬೇಕಾಗಿರುವುದು ಇದಕ್ಕೆ.

ಇದು ಆಗುವ ಕೆಲಸವೇ ಎಂದರೆ, ಆಗಿದೆ. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರ ನಮ್ಮಂಥದೇ ನೀರಾವರಿ ಕೆರೆ. ನೀರಿನ ನಡುವಿನ ಜಾಲಿ ಮರಗಳ ಮೇಲೆ ಹಕ್ಕಿಗಳು ಗೂಡು ಕಟ್ಟುತ್ತವೆ. ಮಾಗಡಿ ಕೆರೆಯ ಜೊತೆಗೆ ಅದಕ್ಕೂ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸಾರ್ ತಾಣದ ಮಾನ್ಯತೆ ಸಿಕ್ಕಿತು. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಮನೆಯಂಗಳದ ಹುಣಸೆ ಮರಗಳ ಮೇಲೇ ಮರಿ ಮಾಡುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರವರು ಅವನ್ನು ನೋಡುತ್ತಾರೆ. ಗೂಡಿನಿಂದ ಬಿದ್ದ ಮರಿಗಳಿಗೆ ಮೀನು ಹಾಕಿ ಸಾಕಿ ಬಿಡಲು ಊರ ಯುವಕರು ಹೆಜ್ಜಾರ್ಲೆ ಬಳಗ ಕಟ್ಟಿಕೊಂಡರು. ಅದು 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾಯಿತು. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಕೂಡ ಸಲೀಂ ಅಲಿಯವರು ಬಂದು ನೋಡಿ, ಇದು ಉಳಿಯಬೇಕಾದ ಜಾಗ ಎಂದು ಮೈಸೂರು ಅರಸರಿಗೆ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾದದ್ದು.

ಕೊನೆಯದಾಗಿ ಮೂರು ಕೋರಿಕೆ. ಮೊದಲನೆಯದು ಮುಖ್ಯೋಪಾಧ್ಯಾಯರಲ್ಲಿ: ತಿಂಗಳ ಮೊದಲ ಮತ್ತು ಮೂರನೆಯ ಶನಿವಾರ ಬೆಳಿಗ್ಗೆ ಒಂದು ಗಂಟೆ ಇದಕ್ಕೆ ಕೊಡಿ. ಪ್ರತಿ ವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿಗಳ ಗಣತಿ ನಡೆಯುತ್ತದೆ. ಹದಿನೈದು ನಿಮಿಷ ನೋಡಿ ಎಣಿಸಿದರೂ ಸಾಕು, ಇಬರ್ಡ್ ಎಂಬ ಉಚಿತ ಆ್ಯಪ್‌ನಲ್ಲಿ ಸೇರಿಸಬಹುದು. ನಮ್ಮ ಶಾಲೆಯ ಹೆಸರೂ ಅಲ್ಲಿರಲಿ. ಎರಡನೆಯದು ಹಿರಿಯರಲ್ಲಿ: ಮಕ್ಕಳು ಮನೆಗೆ ಬಂದು, ನಿಮ್ಮ ಕಾಲದಲ್ಲಿ ಕೆರೆಗೆ ಯಾವ ಹಕ್ಕಿ ಬರುತ್ತಿತ್ತು, ಅದನ್ನು ಏನೆಂದು ಕರೆಯುತ್ತಿದ್ದಿರಿ ಎಂದು ಕೇಳುತ್ತಾರೆ. ಓದಿಕೊಳ್ಳೋ ಹೋಗು ಎಂದು ಅಟ್ಟಬೇಡಿ, ಅದೂ ಓದೇ. ನಿಮ್ಮ ನೆನಪು ಆ ಪುಸ್ತಕದ ಮೊದಲ ಪುಟಗಳಾಗಬೇಕು. ಮೂರನೆಯದು ನನ್ನಂಥ ಹಳೆಯ ವಿದ್ಯಾರ್ಥಿಗಳಲ್ಲಿ: ನಾವು ಕೆಲವರು ಸೇರಿ ನಾಲ್ಕು ಬೈನಾಕ್ಯುಲರ್ ಮತ್ತು ಗಟ್ಟಿ ರಟ್ಟಿನ ಒಂದು ದಾಖಲೆ ಪುಸ್ತಕ ತಂದಿದ್ದೇವೆ. ಉಪಕರಣ ಕೊಟ್ಟು ಕೈತೊಳೆದುಕೊಂಡರೆ ಆಗದು. ಊರಿಗೆ ಬಂದಾಗಲೆಲ್ಲ ಒಂದು ಬೆಳಿಗ್ಗೆ ಮಕ್ಕಳ ಜೊತೆ ಏರಿಯ ಮೇಲೆ ಬನ್ನಿ.

ಬೆಳಿಗ್ಗೆಯ ಮೂವತ್ತನಾಲ್ಕು ಹೆಸರುಗಳನ್ನು ಮಕ್ಕಳು ಆಗಲೇ ಅದರಲ್ಲಿ ಬರೆದು ಸಹಿ ಮಾಡಿದ್ದಾರೆ. ಊಟಕ್ಕೆ ಹೋಗುವಾಗ ಕಚೇರಿಯ ಮೇಜಿನ ಮೇಲೆ ಇರುತ್ತದೆ, ನೋಡಿ. ನೀಲಕಂಠದ ಹೆಸರು ಅದರಲ್ಲಿ ಇಲ್ಲ. ನಿಮ್ಮ ಹೊಲದ ಕಡೆ ಯಾರಿಗಾದರೂ ಕಂಡರೆ ದಯವಿಟ್ಟು ಬಂದು ಬರೆಸಿ.