ಹುಳುವಿನ ಹೆಸರು ಸರಿಯೇ?

ನಮ್ಮ ಹೇಮಾವತಿ ಗೊರೂರಿನ ಅಣೆಕಟ್ಟನ್ನು ದಾಟಿ, ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು, ಕಾವೇರಿಯೊಡನೆ ಕಡಲಿನತ್ತ ಸಾಗುತ್ತಾಳೆ. ಹೊಳೆಯಾಗಲಿ ಕಡಲಾಗಲಿ, ನೀರಿನ ಆರೋಗ್ಯವನ್ನು ತಳದಲ್ಲಿ ಬಾಳುವ ಬೆನ್ನೆಲುಬಿಲ್ಲದ ಜೀವಿಗಳು ಹೇಳುತ್ತವೆ. ಸೀಸೆಯ ನೀರು ಒಂದು ದಿನದ ಸಂಗತಿ ತಿಳಿಸಿದರೆ, ಹುಳುಗಳು ತಿಂಗಳುಗಳ ಸಂಗತಿ ತಿಳಿಸುತ್ತವೆ.

ಆದರೆ ಹುಳುವಿನ ಹೆಸರೇ ತಪ್ಪಿದರೆ? ಬ್ರಿಟನ್ನಿನ ಹೊಳೆಗಳಿಗಾಗಿ 1980ರ ಸುಮಾರಿಗೆ ಬಂದ ಅಂಕಪಟ್ಟಿಯಲ್ಲಿ, ಮೇಫ್ಲೈ ಎಂಬ ಕೀಟದ ಮರಿಗಳ ಪೈಕಿ ಚಪ್ಪಟೆ ಮೈಯ ಒಂದು ಕುಟುಂಬಕ್ಕೆ 10 ಅಂಕ, ದುಂಡು ಮೈಯ ಇನ್ನೊಂದಕ್ಕೆ 4. ಕಣ್ತಪ್ಪಿದರೆ ಕೊಳಕು ನೀರೂ ಶುದ್ಧವೆನಿಸೀತು. ಕಡಲಿನಲ್ಲಿ ಕೆಲಸ ಇನ್ನೂ ಕಠಿಣ. ಕೊಳಕು ಕೆಸರಿನ ‘ಕ್ಯಾಪಿಟೆಲ್ಲಾ’ ಹುಳು ಒಂದೇ ಜಾತಿಯೆಂದು ನಂಬಿದ್ದರು. ಅದರಲ್ಲಿ ಕನಿಷ್ಠ ಆರು ಜಾತಿಗಳಿವೆಯೆಂದು 1976ರಲ್ಲಿ ಗೊತ್ತಾಯಿತು.

ಆದುದರಿಂದ ಬ್ರಿಟನ್ನಿನಲ್ಲಿ 1990ರ ದಶಕದಿಂದ ಪ್ರಯೋಗಾಲಯಗಳನ್ನೇ ಪರೀಕ್ಷಿಸುವ ಪದ್ಧತಿ ಬಂದಿದೆ. ಹೆಸರು ಬರೆಯದ ಕಡಲಜೀವಿಗಳನ್ನು, ಸಾಮಾನ್ಯವಾಗಿ 25ರಂತೆ, ಎಲ್ಲ ಪ್ರಯೋಗಾಲಯಗಳಿಗೂ ಕಳುಹಿಸುತ್ತಾರೆ. ಉತ್ತರಗಳನ್ನು ಹೋಲಿಸಿ, ಎಲ್ಲಿ ಹೆಚ್ಚು ಮಂದಿ ಎಡವಿದರೆಂದು ಎಲ್ಲರಿಗೂ ತಿಳಿಸುತ್ತಾರೆ. ಉದ್ದೇಶ ದಂಡನೆಯಲ್ಲ, ಕಲಿಕೆ.

ಹಾಸನದ ಅಂಗಡಿಯಲ್ಲಾಗಲಿ, ಅರಕಲಗೂಡು, ಚನ್ನರಾಯಪಟ್ಟಣಗಳ ಸಂತೆಯಲ್ಲಾಗಲಿ, ತಕ್ಕಡಿಗೆ ಸರ್ಕಾರದ ಮುದ್ರೆ ಇರಬೇಕು. ನೀರಿನ ಗುಣವನ್ನು ಅಳೆಯುವ ಕಣ್ಣಿಗೂ ಅಂಥದೊಂದು ಪರೀಕ್ಷೆ ಬೇಡವೆ?